ಸಂದಿನ ಗಂಟು ಮತ್ತು ‘ಗ್ಯಾರಂಟಿ’ ಜಾಹೀರಾತು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತು ಅಂಕಣದಲ್ಲಿ, ಪ್ಲಾಟು ಮಾರಾಟ ಮತ್ತು ಬೋರ್‌ವೆಲ್ ಪಾಯಿಂಟಿನ ನಡುವೆ, ಈಚೆಗೆ ಒಂದು ಸಣ್ಣ ಚೌಕ ಮೇಲಿಂದ ಮೇಲೆ ಬರುತ್ತಿದೆ. ‘ಹರ್ನಿಯಾ, ಹೈಡ್ರೋಸಿಲ್, ಸಂದಿನ ಗಡ್ಡೆ: ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ. ಗುಪ್ತ ಚಿಕಿತ್ಸೆ.’ ಕೆಳಗೆ ಮೊಬೈಲ್ ನಂಬರು, ಯಾವ ವಾರ ಯಾವ ಲಾಡ್ಜಿನಲ್ಲಿ ವೈದ್ಯರು ಸಿಗುತ್ತಾರೆ ಎಂಬ ವಿವರ. ದಯವಿಟ್ಟು ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಬರೀ ನಿಲ್ಲಿಸಿ ಅಂದರೆ ಸಾಲದು, ಆ ಚೌಕ ನೋಡಿ ಫೋನು ಮಾಡುವವನಿಗೆ ನಿಜವಾಗಿ ಏನಾಗಿರಬಹುದು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಪತ್ರ ಉದ್ದವಾಗಿದೆ. ಒಂದೇ ಸಲ ಆಗದಿದ್ದರೆ ಎರಡು ಕಂತಿನಲ್ಲಿ ಹಾಕಿ, ಆದರೆ ಮೊಟಕು ಮಾಡಬೇಡಿ.

ಮೊದಲು ಕಾನೂನಿನ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂದು ಒಂದಿದೆ. ಇಂಥ ರೋಗಗಳಿಗೆ ಔಷಧ ಇದೆ ಎಂದು ಜಾಹೀರಾತು ಕೊಡಲೇಬಾರದು ಎಂದು ಅದರ ಕೊನೆಯಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ. ಹರ್ನಿಯಾ, ಹೈಡ್ರೋಸಿಲ್, ಗಡ್ಡೆಗಳು, ಕ್ಯಾನ್ಸರ್, ಕ್ಷಯ, ಲೈಂಗಿಕ ರೋಗಗಳು ಎಲ್ಲವೂ ಆ ಪಟ್ಟಿಯಲ್ಲಿವೆ. ಜಾಹೀರಾತು ಕೊಟ್ಟವನಷ್ಟೇ ಅಲ್ಲ, ಅದನ್ನು ಪ್ರಕಟಿಸುವುದರಲ್ಲಿ ಭಾಗಿಯಾದವರೂ ತಪ್ಪಿತಸ್ಥರು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ನಿಮ್ಮ ಜಾಹೀರಾತು ವಿಭಾಗದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಈಗ ಗೊತ್ತಾಯಿತಲ್ಲ, ಇನ್ನು ಹಾಕಬೇಡಿ.

ನಾನು ಸರ್ಕಾರಿ ಆಸ್ಪತ್ರೆಗಳ ಸರ್ಜಿಕಲ್ ವಾರ್ಡು ಮತ್ತು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸು. ಯಾದಗಿರಿ ಇನ್ನೂ ನಮ್ಮ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ ಆ ಕಡೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಆಮೇಲೆ ಕಲಬುರಗಿಯಲ್ಲಿ. ತೊಡೆಸಂದಿನ ಗಂಟನ್ನು ನಮ್ಮ ಜನ ಎಷ್ಟು ದಿನ ಮುಚ್ಚಿಡುತ್ತಾರೆ ಎಂಬುದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಕುತ್ತಿಗೆಗೆ ಗಂಟಾದರೆ ಮರುದಿನವೇ ದವಾಖಾನೆಗೆ ಬರುತ್ತಾರೆ. ಸಂದಿಗೆ ಆದರೆ ಹೆಂಡತಿಗೂ ಹೇಳುವುದಿಲ್ಲ. ‘ಗುಪ್ತ ಚಿಕಿತ್ಸೆ’ ಎಂಬ ಎರಡು ಪದ ಈ ನಾಚಿಕೆಯ ಮೇಲೆಯೇ ದುಡಿಯುತ್ತಿವೆ.

ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್‌ನ ಹಮಾಲರನ್ನೇ ತೆಗೆದುಕೊಳ್ಳಿ. ತೊಗರಿ ಆವಕ ಶುರುವಾದರೆ ಲಾರಿಯಿಂದ ಕಾಟಾಕ್ಕೆ (ತೂಕದ ಜಾಗಕ್ಕೆ), ಕಾಟಾದಿಂದ ಗೋದಾಮಿಗೆ ಬೆಳಗಿಂದ ಸಂಜೆವರೆಗೆ ಬೆನ್ನ ಮೇಲೆ ಚೀಲ. ಅವರಲ್ಲಿ ಒಬ್ಬರನ್ನು ಬೇರೆ ಏನಕ್ಕೋ ಸೇರಿಸಿಕೊಂಡಾಗ ಬಟ್ಟೆ ಬದಲಿಸುವಾಗ ನೋಡಿ ಕೇಳಿದ್ದೆ: “ಇದು ಯಾವಾಗಿಂದ ಅದಾ ಅಣ್ಣಾ?” ಅವರು ಹೇಳಿದ್ದು: “ಇದು ಭಾಳ ಮಂದಿ ಹಮಾಲರಿಗಿ ಇರ್ತದ್ರಿ ಸಿಸ್ಟರ್. ರಾತ್ರಿ ಮಲ್ಕೊಂಡ್ರ ಒಳಗ ಹೋಗ್ತದ, ಮುಂಜಾನಿ ಚೀಲ ಹೊತ್ರ ಬರ್ತದ. ಇದಕ್ಕೆಲ್ಲ ಯಾರು ದವಾಖಾನಿಗಿ ಹೋಗ್ತಾರ?” ಹರ್ನಿಯಾದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. ನಿಂತರೆ, ಕೆಮ್ಮಿದರೆ, ಭಾರ ಎತ್ತಿದರೆ, ಮಲಬದ್ಧತೆಯಿಂದ ತಿಣುಕಿದರೆ ಉಬ್ಬುತ್ತದೆ. ಮಲಗಿದರೆ, ಕೆಲವೊಮ್ಮೆ ಗುಳುಗುಳು ಸದ್ದು ಮಾಡಿ, ಒಳಗೆ ಸರಿಯುತ್ತದೆ. ಡಾಕ್ಟರು ಪರೀಕ್ಷೆ ಮಾಡುವಾಗ ಮಲಗಿಸಿ ನೋಡಿ ಬಿಟ್ಟರೆ ಸಾಲದು, ನಿಲ್ಲಿಸಬೇಕು. ಮುಖ ಆ ಕಡೆ ತಿರುಗಿಸಿ ಕೆಮ್ಮು ಅನ್ನಬೇಕು. ಆಗ ಅವರ ಬೆರಳಿಗೆ ಒಳಗಿಂದ ಒಂದು ನೂಕು ತಾಗುತ್ತದೆ. ಅರ್ಧ ನಿಮಿಷದ ಕೆಲಸ. ನಿಮ್ಮನ್ನು ನಿಲ್ಲಿಸದೇ ನೋಡಿ ಕಳಿಸುತ್ತಿದ್ದರೆ, “ನಿಂತ್ರ ಬರ್ತದ್ರಿ, ನಿಂದರ್ಸಿ ನೋಡ್ರಿ” ಎಂದು ನೀವೇ ಹೇಳಿ.

ಹರ್ನಿಯಾ ಆಗುವುದು ಹೀಗೆ. ಹೊಟ್ಟೆಯ ಗೋಡೆಯಲ್ಲಿ, ಗಂಡಸರಿಗೆ ಬೀಜ (ವೃಷಣ) ಕೆಳಗಿಳಿದು ಬಂದ ದಾರಿಯಲ್ಲಿ, ಹುಟ್ಟಿನಿಂದಲೇ ಒಂದು ದುರ್ಬಲ ಜಾಗ ಇರುತ್ತದೆ. ವಯಸ್ಸು, ಹಳೇ ಕೆಮ್ಮು, ಬೀಡಿ, ಮೂತ್ರಕ್ಕೆ ತಿಣುಕಿಸುವ ಪ್ರಾಸ್ಟೇಟ್, ಭಾರದ ಕೆಲಸ ಎಲ್ಲ ಸೇರಿ ಆ ಜಾಗ ಸಡಿಲಾಗುತ್ತದೆ. ಅಲ್ಲಿಂದ ಕೊಬ್ಬಿನ ಪದರವೋ ಕರುಳಿನ ಒಂದು ಸುರುಳಿಯೋ ಹೊರಗೆ ತಲೆ ಹಾಕುತ್ತದೆ. ಚೀಲ ಹೊರದ ಮೇಷ್ಟ್ರಿಗೂ, ಅಂಗಡಿ ಗಲ್ಲೆಯ ಮೇಲೆ ಕೂತ ಸಾವುಕಾರರಿಗೂ ಆಗುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬ ಗಂಡಸಿಗೆ ಜೀವಮಾನದಲ್ಲಿ ಒಮ್ಮೆ ಇದು ಬರುವ ಸಂಭವ ಇದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಇಷ್ಟು ಸಾಮಾನ್ಯವಾದದ್ದಕ್ಕೆ ಇಷ್ಟೊಂದು ನಾಚಿಕೆ ಏಕೆ?

ಈಗ ಆ ಜಾಹೀರಾತಿನ ‘ಗ್ಯಾರಂಟಿ’ಗೆ ಬರುತ್ತೇನೆ. ದೊಡ್ಡವರಲ್ಲಿ ಗೋಡೆ ಸಡಿಲಾದದ್ದು ಗುಳಿಗೆಗೆ, ಲೇಪಕ್ಕೆ, ಎಣ್ಣೆಗೆ ಕೂಡುವುದಿಲ್ಲ. ಅದನ್ನು ಹೊಲಿದು, ಅಥವಾ ಈಗ ಹೆಚ್ಚಾಗಿ ಮಾಡುವಂತೆ ಪಾಲಿಪ್ರೊಪಿಲೀನ್ ದಾರದ ಸಣ್ಣ ಜಾಲರಿ ಇಟ್ಟು, ಭದ್ರ ಮಾಡಬೇಕು. ಸಿರಿಂಜಿನಿಂದ ಏನೋ ಚುಚ್ಚಿ ‘ಒಣಗಿಸುತ್ತೇವೆ’ ಅನ್ನುವವರಿದ್ದಾರೆ. ಆ ಗಂಟಿನೊಳಗೆ ಕರುಳು ಇದ್ದರೆ ಆ ಸೂಜಿ ಎಲ್ಲಿಗೆ ಹೋಗುತ್ತದೆ ಎಂದು ಓದುವವರೇ ಯೋಚಿಸಲಿ. ಬೆಲ್ಟು ಮಾರುವವರದ್ದು ಇನ್ನೊಂದು. ಬೆಲ್ಟು ಗುಣ ಮಾಡುವ ಸಾಧನ ಅಲ್ಲ. ಆಪರೇಷನ್ ತಡೆದುಕೊಳ್ಳಲಾಗದವರಿಗೆ, ಡಾಕ್ಟರೇ ಹೇಳಿದಾಗ, ಮಲಗಿಕೊಂಡು ಗಂಟನ್ನು ಪೂರ್ತಿ ಒಳಗೆ ಕಳಿಸಿದ ಮೇಲೆ ಕಟ್ಟಿಕೊಳ್ಳುವಂಥದ್ದು. ಗಂಟು ಹೊರಗಿದ್ದಾಗಲೇ ಅದರ ಮೇಲೆ ಬಿಗಿದರೆ ಅಪಾಯ ಹೆಚ್ಚು.

ಹಾಗೆ ಬಿಗಿದುಕೊಂಡವರೊಬ್ಬರನ್ನು ಒಂದು ರಾತ್ರಿ ಟಂಟಂನಲ್ಲಿ ಕರೆತಂದಿದ್ದರು. ಐವತ್ತರ ಆಸುಪಾಸಿನವರು. ಹೊಟ್ಟೆ ಉಬ್ಬಿ ಹಸಿರು ವಾಂತಿ ಆಗುತ್ತಿತ್ತು. ಲಂಗೋಟಿ ಬಿಚ್ಚಿದಾಗ ಒಳಗೆ ಮಡಿಚಿದ ಬಟ್ಟೆ, ಬಟ್ಟೆಯೊಳಗೆ ಒಂದು ನಾಣ್ಯ. ಕೂಸುಗಳ ಹೊಕ್ಕುಳ ಉಬ್ಬಿದರೆ ನಾಣ್ಯ ಇಟ್ಟು ಕಟ್ಟುತ್ತಾರಲ್ಲ, ಹಾಗೆ. ನಾಣ್ಯದ ಗುಂಡನೆಯ ಗುರುತು ಚರ್ಮದ ಮೇಲೆ ಹಾಗೇ ಮೂಡಿತ್ತು. ಸುತ್ತ ಕೆಂಪಾಗಿ, ಮುಟ್ಟಿದರೆ ಕಿರುಚುವಷ್ಟು ನೋವು. ಮುಂಜಾನೆಯಿಂದ ಗಂಟು ಒಳಗೆ ಹೋಗಿಲ್ಲ, ಗಾಳಿಯೂ ಹೋಗಿಲ್ಲ ಎಂದು ಹೆಂಡತಿ ಹೇಳಿದರು. ಅವರಿಗೆ ಗಂಟಿನ ವಿಷಯ ಗೊತ್ತಾದದ್ದೇ ಅವತ್ತು.

ಥಿಯೇಟರಿನಲ್ಲಿ ತೆರೆದಾಗ ಸುಮಾರು ಒಂದು ಗೇಣು ಕರುಳು ಕತ್ತು ಹಿಸುಕಿದಂತೆ ಸಿಕ್ಕಿಕೊಂಡಿತ್ತು. ನೇರಳೆ ಮಿಶ್ರಿತ ಕಪ್ಪು. ಬಿಗಿದಿದ್ದ ಬಾಯಿಯನ್ನು ಬಿಡಿಸಿ, ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಮಾಪು (ಥಿಯೇಟರಿನ ಬಟ್ಟೆ) ಸುತ್ತಿ, ಆಕ್ಸಿಜನ್ ಹೆಚ್ಚಿಸಿ ಕಾಯುವುದು ಕ್ರಮ. ಬಣ್ಣ ತಿರುಗಿ ಗುಲಾಬಿ ಆಗಿ ಕರುಳು ಮಿಸುಕಾಡಿದರೆ ಉಳಿಯಿತು, ಆಗದಿದ್ದರೆ ಕತ್ತರಿಸಿ ಜೋಡಿಸಬೇಕು. ಮಾಪು ಬದಲಿಸುವ ಕೆಲಸ ನನ್ನದು. ಪ್ರತಿ ಸಲ ತೆಗೆದಾಗಲೂ ಸರ್ಜನರು, ಅರಿವಳಿಕೆ ಡಾಕ್ಟರು, ನಾನು, ಮೂವರೂ ಬಗ್ಗಿ ನೋಡುತ್ತಿದ್ದೆವು. ಅಂಚುಗಳು ಕೆಂಪಾದವು, ನಡುವಿನ ಭಾಗ ಆಗಲಿಲ್ಲ. ಕತ್ತರಿಸಬೇಕಾಯಿತು. ಹಗಲು ಹೊತ್ತಿನಲ್ಲಿ ತಾನಾಗಿ ಬಂದು ಮಾಡಿಸಿಕೊಂಡಿದ್ದರೆ ಮರುದಿನವೋ ಅದರ ಮರುದಿನವೋ ನಡೆದು ಮನೆಗೆ ಹೋಗಬಹುದಾಗಿದ್ದ ಆಪರೇಷನ್ನು. ಇವರು ವಾರಗಟ್ಟಲೆ ಮೂಗಿನಲ್ಲಿ ನಳಿಗೆ ಹಾಕಿಕೊಂಡು ಮಲಗಿದ್ದರು. ಬದುಕಿಕೊಂಡರು. ಬದುಕದವರನ್ನೂ ನಾನು ನೋಡಿದ್ದೇನೆ.

ಆದ್ದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಎಂದು ಕೇಳುತ್ತೇನೆ. ದಿನವೂ ಒಳಗೆ ಹೋಗುತ್ತಿದ್ದ ಗಂಟು ಒಮ್ಮೆಲೆ ಗಟ್ಟಿಯಾಗಿ ಒಳಗೆ ಹೋಗದೇ ಇದ್ದರೆ, ನೋವು ಏರುತ್ತಿದ್ದರೆ, ಮೇಲಿನ ಚರ್ಮ ಕೆಂಪಾದರೆ ಅಥವಾ ಕಪ್ಪಿಟ್ಟರೆ, ವಾಂತಿ ಆಗಿ ಗಾಳಿ ಮಲ ನಿಂತರೆ, ಅದು ಗಂಟೆಗಳ ಲೆಕ್ಕ. ಬಲವಂತವಾಗಿ ಒಳಗೆ ಒತ್ತಬೇಡಿ, ಮಾಲೀಸು ಮಾಡಬೇಡಿ, ಕಾವು ಕೊಡಬೇಡಿ. ನೀರು, ಚಹಾ, ಸೋಡಾ ಏನನ್ನೂ ಕುಡಿಸಬೇಡಿ. ಆಪರೇಷನ್ ಬೇಕಾಗುತ್ತದೆ, ಹೊಟ್ಟೆ ಖಾಲಿ ಇರಬೇಕು. 108ಕ್ಕೆ ಫೋನು ಮಾಡಿ ಸರ್ಜನರು ಇರುವ ದೊಡ್ಡಾಸ್ಪತ್ರೆಗೆ ಹೋಗಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಊರುಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೀಜದಲ್ಲೇ ಒಮ್ಮೆಲೆ ತಡೆಯಲಾರದ ನೋವು ಬಂದ ಹುಡುಗರ ವಿಷಯವೂ ಹೀಗೇ. ಬೀಜ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಬಿಡಿಸಬೇಕು, ಇಲ್ಲದಿದ್ದರೆ ಅದು ಸಾಯುತ್ತದೆ. ಹೈಸ್ಕೂಲು ಹುಡುಗರು ಅಪ್ಪನಿಗೆ ಹೇಳಲು ಅಂಜಿ ರಾತ್ರಿ ಕಳೆಯುತ್ತಾರೆ.

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಗಂಡಸರಲ್ಲಿ ಸಣ್ಣದಾಗಿ, ನೋವಿಲ್ಲದೆ, ಸಲೀಸಾಗಿ ಒಳಗೆ ಹೋಗುವ ಹರ್ನಿಯಾ ಇದ್ದರೆ, ಸರ್ಜನರು ನೋಡಿದ ಮೇಲೆ ಕಾಯಲೂಬಹುದು. ಎಲ್ಲರೂ ನಾಳೆಯೇ ಥಿಯೇಟರಿಗೆ ಓಡಬೇಕಿಲ್ಲ. ನೋಡಿದ ಮೇಲೆ ಕಾಯುವುದು ಬೇರೆ, ತೋರಿಸದೆ ಮುಚ್ಚಿಡುವುದು ಬೇರೆ, ಅಷ್ಟೇ ನಾನು ಹೇಳುವುದು. ಆಪರೇಷನ್ ಮಾಡಿಸಿದರೆ ಗಂಡಸ್ತನ ಹೋಗುತ್ತದೆ, ಅರಿವಳಿಕೆಗೆ ಬೆನ್ನಿಗೆ ಸೂಜಿ ಹಾಕಿದರೆ ಜೀವನಪೂರ್ತಿ ಸೊಂಟ ಹಿಡಿಯುತ್ತದೆ ಎಂಬ ಎರಡು ಮಾತು ಊರಲ್ಲೆಲ್ಲ ಓಡಾಡುತ್ತವೆ. ಎರಡನ್ನೂ ನಂಬಬೇಡಿ. ಬೆನ್ನಿನ ಸೂಜಿಯ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರುತ್ತದೆ, ಹೋಗುತ್ತದೆ. ಗಾಯದ ಸುತ್ತ ಮರಗಟ್ಟಿದ ಹಾಗೆ ಅನ್ನಿಸುವುದು, ಕೆಲವರಿಗೆ ತಿಂಗಳುಗಟ್ಟಲೆ ಸ್ವಲ್ಪ ನೋವು ಉಳಿಯುವುದು ನಿಜ. ಅದನ್ನು ಆಪರೇಷನ್ನಿಗೆ ಮೊದಲೇ ಹೇಳಿಬಿಡುವ ಡಾಕ್ಟರು ಒಳ್ಳೆಯವರು.

ಹೆಂಗಸರ ವಿಷಯ ಯಾರೂ ಬರೆಯುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಹರ್ನಿಯಾ ಗಂಡಸರ ಕಾಯಿಲೆ ಎಂದು ಎಲ್ಲರೂ ತಿಳಿದಿದ್ದಾರೆ. ಸಂದಿನ ಗೆರೆಗಿಂತ ತುಸು ಕೆಳಗೆ, ತೊಡೆಯ ದೊಡ್ಡ ರಕ್ತನಾಳದ ಪಕ್ಕದ ಇಕ್ಕಟ್ಟಿನಲ್ಲಿ ಬರುವ ಒಂದು ಬಗೆ ಇದೆ, ಫೆಮೊರಲ್ ಹರ್ನಿಯಾ ಅನ್ನುತ್ತಾರೆ. ಇದು ಹೆಂಗಸರಿಗೇ ಹೆಚ್ಚು, ಅದರಲ್ಲೂ ಹಲವು ಹೆರಿಗೆ ಆದ, ಸೊರಗಿದ ಮುದುಕಿಯರಿಗೆ. ನೋಡಲು ಅಡಿಕೆಯಷ್ಟೇ ಇರುತ್ತದೆ. ಬಾಯಿ ಇಕ್ಕಟ್ಟಾದ್ದರಿಂದ ಕರುಳು ಸಿಕ್ಕಿಕೊಳ್ಳುವ ಅಪಾಯ ಗಂಡಸರ ದೊಡ್ಡ ಹರ್ನಿಯಾಕ್ಕಿಂತ ಎಷ್ಟೋ ಹೆಚ್ಚು. ಇದನ್ನು ಕಾಯುತ್ತ ಕೂರಬಾರದು, ಕಂಡ ಕೂಡಲೇ ದಿನ ಗೊತ್ತು ಮಾಡಿ ಮಾಡಿಸಬೇಕು.

ಆಳಂದ ಕಡೆಯ ಅಜ್ಜಿಯೊಬ್ಬರನ್ನು ವಾಂತಿ ಎಂದು ಕರೆತಂದಿದ್ದರು. ಹೋದ ಹೋದಲ್ಲಿ ‘ಗ್ಯಾಸ್’ ಎಂದು ಸೂಜಿ ಹಾಕಿ ಕಳಿಸಿದ್ದರು. ಹೊಟ್ಟೆ ಮುಟ್ಟಿ ನೋಡಿದವರೂ ಸೀರೆಯ ನಿರಿಗೆಗಿಂತ ಕೆಳಗೆ ನೋಡಿರಲಿಲ್ಲ. ಪರದೆ ಎಳೆದು, ಎಲ್ಲರನ್ನೂ ಹೊರಗೆ ಕಳಿಸಿ, “ಯಮ್ಮಾ, ಎಲ್ಯಾದ್ರ ಗಂಟು ಅದಾ ಏನು?” ಎಂದು ಕೇಳಿದಾಗ ನನ್ನ ಕೈಯನ್ನು ತಾವೇ ಹಿಡಿದು ಅಲ್ಲಿಗೆ ಒಯ್ದರು. “ಸೊಸೀಗಿ ಹ್ಯಾಂಗ ಹೇಳ್ಲೆವ್ವ, ಮಗನಿಗಂತೂ ಹೇಳಾಂಗಿಲ್ಲ.” ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ನನ್ನ ತಂಗಿಯರಿಗೆ ಹೇಳುವುದು ಇದೊಂದೇ: ವಯಸ್ಸಾದ ಹೆಂಗಸು ಹೊಟ್ಟೆ ಉಬ್ಬಿ ವಾಂತಿ ಮಾಡಿಕೊಂಡು ಬಂದರೆ, ಡ್ರಿಪ್ ಹಾಕುವ ಮೊದಲೋ ನಂತರವೋ, ಎರಡೂ ಸಂದುಗಳನ್ನು ನೋಡದೆ ಮನೆಗೆ ಕಳಿಸಬೇಡಿ.

ಇನ್ನು, ಸಂದಿನಲ್ಲಿ ಬರುವ ಗಂಟೆಲ್ಲ ಹರ್ನಿಯಾ ಅಲ್ಲ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಸಾಲುಸಾಲಾಗಿ ಬರುತ್ತಿದ್ದದ್ದು ಇನ್ನೊಂದು ಬಗೆ. ತೊಗರಿ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಕಟ್ಟಿಗೆಯಷ್ಟು ಗಡುಸು, ಓರೆಯಾಗಿ ಕೊಯ್ದದ್ದಂತೂ ಚಪ್ಪಲಿಯನ್ನೂ ದಾಟಿ ಹಿಮ್ಮಡಿಗೆ ಚುಚ್ಚುತ್ತದೆ. ಮುರಿದ ಚೂರು ಒಳಗೇ ಉಳಿಯುತ್ತದೆ. ಎರಡು ಮೂರು ದಿನದಲ್ಲಿ ಅದೇ ಕಾಲಿನ ಸಂದಿಗೆ ಗಂಟು ಕಟ್ಟಿ ನೋವು, ಸಣ್ಣ ಜ್ವರ. ಕಾಲಿನಿಂದ ಬರುವ ಸೋಂಕನ್ನು ಅಲ್ಲಿ ತಡೆದು ನಿಲ್ಲಿಸುವ ದುಗ್ಧಗ್ರಂಥಿ ಊದಿಕೊಂಡದ್ದು ಅದು. ಸುಣ್ಣ ಬೆಲ್ಲ ಕಲಸಿ ಗಂಟಿಗೆ ಹಚ್ಚುತ್ತಾರೆ, ಬರೆ ಎಳೆಸುತ್ತಾರೆ. ನೋಡಬೇಕಾದದ್ದು ಕಾಲು. ಮುಳ್ಳು ತೆಗೆಸಿ, ಗಾಯ ತೊಳೆಸಿ, ಧನುರ್ವಾಯುವಿನ ಸೂಜಿ ಹಾಕಿಸಿ, ಡಾಕ್ಟರು ಬರೆದ ಗುಳಿಗೆಯನ್ನು ಕೊನೆಯವರೆಗೆ ತಿಂದರೆ ಗಂಟು ತಾನಾಗಿ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಒಂದು ದಿನವೂ ತಡ ಮಾಡಬಾರದು. ಕಾಲ್ಬೆರಳ ಸಂದಿನ ಹುಣ್ಣು, ತೊಡೆಯ ಕುರು, ಗಜಕರ್ಣ ತುರಿಸಿ ಆದ ಗಾಯ, ಇವುಗಳಿಂದಲೂ ಹೀಗೆ ಗಂಟಾಗುತ್ತದೆ. ಗಜಕರ್ಣಕ್ಕೆ ಮೆಡಿಕಲ್ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ನಿಲ್ಲಿಸಿ, ಆಮೇಲೆ ಎರಡರಷ್ಟು ಹರಡಿಸುತ್ತದೆ. ನಮ್ಮ ಬೇಸಿಗೆಯ ಬೆವರಿಗೆ ಇದು ಮನೆಮನೆಯ ಕಥೆ.

ಆನೆಕಾಲು ರೋಗ ಇರುವ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಇವೆ. ಇದಕ್ಕೆ ಮೂರು ಔಷಧ ಒಟ್ಟಿಗೆ ಕೊಟ್ಟರೆ ಹೇಗೆ ಎಂಬ ಅಧ್ಯಯನ ಭಾರತದಲ್ಲಿ ನಡೆದದ್ದು ಯಾದಗಿರಿ ಜಿಲ್ಲೆಯಲ್ಲೇ. ಈ ರೋಗದ ಶುರುವಿನಲ್ಲಿ ಕಾಲು ದಪ್ಪ ಆಗಿರುವುದಿಲ್ಲ. ಚಳಿಜ್ವರ ಬರುತ್ತದೆ, ಸಂದಿನ ಗಂಟು ನೋಯುತ್ತದೆ, ಅಲ್ಲಿಂದ ತೊಡೆಯ ಮೇಲೆ ಕೆಳಮುಖವಾಗಿ ಕೆಂಪು ಗೆರೆ ಇಳಿಯುತ್ತದೆ. ಮುಳ್ಳಿನ ಗಾಯದ ಸೋಂಕಾದರೆ ಗೆರೆ ಕಾಲಿನಿಂದ ಮೇಲಕ್ಕೆ ಏರುತ್ತದೆ. ಈ ವ್ಯತ್ಯಾಸವನ್ನು ಹಳೆಯ ಹೆಲ್ತ್ ಇನ್‌ಸ್ಪೆಕ್ಟರರೊಬ್ಬರು ನನಗೆ ತೋರಿಸಿಕೊಟ್ಟಿದ್ದರು. ಈ ರೋಗ ತರುವ ಜಂತಿನ ಮರಿಗಳು ರಕ್ತದಲ್ಲಿ ರಾತ್ರಿಯೇ ಓಡಾಡುವುದರಿಂದ ಇಲಾಖೆಯವರು ರಕ್ತ ಪರೀಕ್ಷೆಗೆ ರಾತ್ರಿ ಎಂಟೂವರೆ ಮೇಲೆ ಬರುತ್ತಾರೆ, ಬಂದವರನ್ನು ಬೈದು ಕಳಿಸಬೇಡಿ. ಆಶಾ ಕಾರ್ಯಕರ್ತೆ ಕೊಡುವ ಆನೆಕಾಲಿನ ಗುಳಿಗೆಯನ್ನು ಊಟ ಮಾಡಿ ಆಕೆಯ ಎದುರೇ ನುಂಗಿ. ಗೂಡಿನಲ್ಲಿ ಇಟ್ಟ ಗುಳಿಗೆಯಿಂದ ಯಾರಿಗೂ ಉಪಯೋಗ ಇಲ್ಲ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀರ ಕಾಯಿಲೆಯವರು ಮಾತ್ರ ತೆಗೆದುಕೊಳ್ಳುವಂತಿಲ್ಲ. ಬೀಜದ ಚೀಲದಲ್ಲಿ ನೀರು ತುಂಬುವ ಹೈಡ್ರೋಸಿಲ್‌ಗೂ ಈ ರೋಗ ಒಂದು ಕಾರಣ. ಅದೂ ಆಪರೇಷನ್ನಿನಿಂದ ಗುಣ ಆಗುವಂಥದ್ದು. ಸಿರಿಂಜಿನಲ್ಲಿ ನೀರು ತೆಗೆದರೆ ಮತ್ತೆ ತುಂಬುತ್ತದೆ, ಸೋಂಕು ಬೇರೆ.

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಲ್ಲೂ ಸಂದಿನ ಗಂಟು ಬರುತ್ತದೆ. ಕೆಲವದರಲ್ಲಿ ನೋವು, ಕೆಲವದರಲ್ಲಿ ನೋವೇ ಇಲ್ಲ. ಸಿಫಿಲಿಸ್‌ನ ಹುಣ್ಣೂ ನೋಯುವುದಿಲ್ಲ, ಗಂಟೂ ನೋಯುವುದಿಲ್ಲ. ಹುಣ್ಣು ತಾನಾಗಿ ಮಾಯ್ದದ್ದು ನೋಡಿ ವಾಸಿ ಆಯಿತು ಅಂದುಕೊಳ್ಳುತ್ತಾರೆ, ರೋಗ ಒಳಗೆ ಮುಂದುವರಿಯುತ್ತದೆ. ಒಂದು ರಕ್ತ ಪರೀಕ್ಷೆ, ಪೆನಿಸಿಲಿನ್ ಸೂಜಿ, ಇಷ್ಟರಲ್ಲಿ ಮುಗಿಯುವ ಕೆಲಸ. ಜಿಲ್ಲಾ ಆಸ್ಪತ್ರೆಗಳಲ್ಲಿ, ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಸುರಕ್ಷಾ ಕ್ಲಿನಿಕ್ ಎಂದು ಇರುತ್ತದೆ. ಅಲ್ಲಿ ಔಷಧ ಪುಕ್ಕಟೆ, ಹೇಳಿದ್ದು ಹೊರಗೆ ಹೋಗುವುದಿಲ್ಲ. ‘ಗುಪ್ತ ಚಿಕಿತ್ಸೆ’ ಬೇಕಾದವರಿಗೆ ನಿಜವಾದ ಜಾಗ ಅದು. ಗಂಡನಿಗೆ ಚಿಕಿತ್ಸೆ ಕೊಟ್ಟು ಹೆಂಡತಿಯನ್ನು ಬಿಟ್ಟರೆ ಆಗುವುದಿಲ್ಲ, ಇಬ್ಬರೂ ಬರಬೇಕು.

ಕಾಲಿನಲ್ಲಿ ಗಾಯವಿಲ್ಲ, ನೋವಿಲ್ಲ, ಆದರೂ ಗಂಟು ಮೂರು ನಾಲ್ಕು ವಾರ ಕಳೆದರೂ ಇಳಿಯುತ್ತಿಲ್ಲ, ಎರಡು ಸೆಂಟಿಮೀಟರಿಗಿಂತ ದೊಡ್ಡದಾಗುತ್ತಿದೆ, ಕಲ್ಲಿನಷ್ಟು ಗಟ್ಟಿ, ಬೆರಳಿನಿಂದ ಸರಿಸಿದರೆ ಸರಿಯುವುದಿಲ್ಲ, ಜೊತೆಗೆ ತೂಕ ಇಳಿದಿದೆ, ರಾತ್ರಿ ಬೆವರು, ಸಂಜೆ ಜ್ವರ ಎಂದಾದರೆ ಪರೀಕ್ಷೆ ಆಗಲೇಬೇಕು. ಸಣ್ಣ ಸೂಜಿಯಿಂದ ಗಂಟಿನ ರಸ ತೆಗೆದು, ಬೇಕಾದರೆ ಒಂದು ಚೂರು ಕತ್ತರಿಸಿ ನೋಡುತ್ತಾರೆ. ಕ್ಷಯ ಆಗಿರಬಹುದು. ಬೆನ್ನುಮೂಳೆಯ ಕ್ಷಯದ ಕೀವು ಸ್ನಾಯುವಿನ ಗುಂಟ ಇಳಿದು ಸಂದಿನಲ್ಲಿ ಬಂದು ನಿಲ್ಲುವುದುಂಟು. ಅದನ್ನು ಕುರು ಎಂದು ಊರಲ್ಲಿ ಕೊಯ್ಸಿಕೊಂಡರೆ ತಿಂಗಳುಗಟ್ಟಲೆ ಸೋರುತ್ತದೆ. ಕ್ಷಯಕ್ಕೆ ಔಷಧ ಸರ್ಕಾರದಿಂದಲೇ ಸಿಗುತ್ತದೆ, ಕಡಿಮೆ ಎಂದರೂ 6 ತಿಂಗಳು ಬಿಡದೆ ನುಂಗಬೇಕು. ಕೆಲವರಿಗೆ ದುಗ್ಧಗ್ರಂಥಿಯ ಕ್ಯಾನ್ಸರ್, ಕೆಲವರಿಗೆ ಜನನಾಂಗ, ಗುದದ್ವಾರ ಅಥವಾ ಅಂಗಾಲಿನ ಕಪ್ಪು ಮಚ್ಚೆಯ ಕ್ಯಾನ್ಸರ್ ಅಲ್ಲಿಗೆ ಹರಡಿರಬಹುದು. ಕ್ಯಾನ್ಸರ್ ಅಂದ ಕೂಡಲೇ ಬೆಂಗಳೂರು, ಸೊಲ್ಲಾಪುರ ಎಂದು ಮನೆ ಮಾರುವ ಯೋಚನೆ ಮಾಡುತ್ತಾರೆ. ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ, ಮೊದಲು ಅಲ್ಲಿ ಕೇಳಿ. ಮುಟ್ಟಿದರೆ ನಾಡಿಯಂತೆ ಬಡಿಯುವ ಗಂಟು, ಅದರಲ್ಲೂ ಸಂದಿನಿಂದ ಆಂಜಿಯೋಗ್ರಾಂ ಮಾಡಿಸಿಕೊಂಡ ಮೇಲೆ ಬಂದದ್ದು, ರಕ್ತನಾಳದ್ದಾಗಿರುತ್ತದೆ. ಅದಕ್ಕೆ ಯಾರೂ ಸೂಜಿ ಬ್ಲೇಡು ತಾಗಿಸಬಾರದು.

ಕೂಸುಗಳ ಬಗ್ಗೆ ಎರಡು ಮಾತು. ಹೊಕ್ಕುಳ ಉಬ್ಬಿದ್ದು ಬಹುಪಾಲು ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ, ನಾಣ್ಯ ಕಟ್ಟಬೇಕಾಗಿಲ್ಲ. ಸಂದಿನ ಉಬ್ಬು ಹಾಗಲ್ಲ. ಅತ್ತಾಗ ಸಂದಿನಲ್ಲಿ ಉಬ್ಬಿ ಮಲಗಿದಾಗ ಮಾಯವಾದರೆ ದೊಡ್ಡವನಾಗಲಿ ಎಂದು ಕಾಯಬಾರದು. ಮೊದಲ ತಿಂಗಳುಗಳಲ್ಲೇ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವರಲ್ಲಿ, ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಎರೆಯುವಾಗ ಗಂಡುಕೂಸಿನ ಬೀಜ ಎರಡೂ ಕೆಳಗೆ ಇವೆಯೋ ಎಂದು ನೋಡಿ. ಒಂದು ಇನ್ನೂ ಸಂದಿನಲ್ಲೇ ನಿಂತಿದ್ದರೆ ಆರು ತಿಂಗಳವರೆಗೆ ಇಳಿಯುವುದನ್ನು ಕಾಯುತ್ತಾರೆ, ಆಮೇಲೆ ಒಂದೂವರೆ ವರ್ಷದೊಳಗೆ ಇಳಿಸುವ ಆಪರೇಷನ್ ಮಾಡಿಸಬೇಕು. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೆ ತೋರಿಸಿದರೆ ಅವರೇ ಮುಂದಕ್ಕೆ ಕಳಿಸುತ್ತಾರೆ.

ಸಂಪಾದಕರೆ, ಇಷ್ಟೆಲ್ಲ ಗೊತ್ತಾದ ಮೇಲೂ ಗಂಜಿನ ಹಮಾಲ ಬರುವುದಿಲ್ಲ. ಏಕೆಂದು ನನಗೆ ಗೊತ್ತು. ಆಪರೇಷನ್ನಿನ ಖರ್ಚಿಗಾಗಿ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ರೇಷನ್ ಕಾರ್ಡು ಆಧಾರ್ ಒಯ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಗುತ್ತದೆ. ಆಮೇಲಿನ ದಿನಗಳದ್ದೇ ಚಿಂತೆ. ಒಂದೆರಡು ವಾರದಲ್ಲಿ ಹಗುರ ಕೆಲಸ ಮಾಡಬಹುದು, ಆದರೆ ಚೀಲ ಹೊರಲು ನಾಲ್ಕರಿಂದ ಆರು ವಾರ ಬೇಕು. ಚೀಲದ ಲೆಕ್ಕದಲ್ಲಿ ಕೂಲಿ ಸಿಗುವವನಿಗೆ ಆರು ವಾರ ಮನೆ ನಡೆಸುವವರು ಯಾರು? ಅದಕ್ಕೇ ಸೀಸನ್ ಮುಗಿಯಲಿ ಅನ್ನುತ್ತಾರೆ, ಸೀಸನ್ ಮುಗಿದರೆ ಮಗಳ ಮದುವೆ ಸಾಲ ಬರುತ್ತದೆ. ಇದಕ್ಕೆ ನಾಚಿಕೆ ಬಿಡಿ ಎಂದು ಉಪದೇಶ ಮಾಡಿದರೆ ಪ್ರಯೋಜನ ಇಲ್ಲ.

ಗಂಜಿನ ಅಡತಿ ವ್ಯಾಪಾರಿಗಳಲ್ಲಿ ನನ್ನ ಬೇಡಿಕೆ ಸಣ್ಣದು. ಆಪರೇಷನ್ ಮಾಡಿಸಿಕೊಂಡು ಬಂದವರಿಗೆ ಆ ಆರು ವಾರ ಕಾಟಾದ ಹತ್ತಿರ ಚೀಟಿ ಬರೆಯುವ, ಚೀಲದ ಬಾಯಿ ಹೊಲಿಯುವ, ರಾಶಿ ಕಾಯುವ ಕೆಲಸ ಕೊಡಿ. ಇಂಥ ಕೈಕೆಲಸ ನಿಮ್ಮ ಅಂಗಡಿಗಳಲ್ಲಿ ಇದ್ದೇ ಇದೆ. ಗಲ್ಲೆಯ ಮೇಲೆ ಕೂರುವ ನಿಮಗೂ ಇದೇ ಕಾಯಿಲೆ ಬರುತ್ತದೆ, ನೀವು ಮಾಡಿಸಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತೀರಿ. ಅವರಿಗೂ ಆಗುವಂತೆ ಮಾಡಿ.

ಆರೋಗ್ಯ ಇಲಾಖೆಯವರಲ್ಲೂ ಒಂದು ಮಾತು. ಊರಲ್ಲಿ ಹೆಂಗಸರು ತಮ್ಮ ತೊಂದರೆಯನ್ನು ಆಶಾ ಕಾರ್ಯಕರ್ತೆಗೋ ನರ್ಸಿಗೋ ಹೇಳಿಕೊಳ್ಳುತ್ತಾರೆ. ಗಂಡಸರಿಗೆ ಹೀಗೆ ಹೇಳಿಕೊಳ್ಳಲು ಯಾರಿದ್ದಾರೆ? ತೊಗರಿ ಆವಕ ಡಿಸೆಂಬರಿನಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ನವೆಂಬರಿನಲ್ಲಿ ಒಂದು ರವಿವಾರ ಮುಂಜಾನೆ ಗಂಜಿನ ಆವರಣದಲ್ಲೇ ಇಬ್ಬರು ಗಂಡಸು ಡಾಕ್ಟರನ್ನು ಕೂರಿಸಿ. ಗಟ್ಟಿ ಬಟ್ಟೆಯ ಪರದೆ, ಒಂದು ಮಂಚ, ಕೈತೊಳೆಯಲು ನೀರು ಇಷ್ಟಿದ್ದರೆ ಸಾಕು. ಬಂದವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ನೋಡಿ, ಬೇಕಾದವರಿಗೆ ಆಸ್ಪತ್ರೆಯ ಚೀಟಿಯ ಜೊತೆಗೆ ಆಪರೇಷನ್ ದಿನಾಂಕವನ್ನೂ ಅಲ್ಲೇ ಬರೆದುಕೊಡಬೇಕು. ಶಿಬಿರದ ದಿನವನ್ನು ತಾವು ಆ ವರ್ಗೀಕೃತ ಅಂಕಣದಲ್ಲಿ ಪುಕ್ಕಟೆ ಹಾಕಿ. ಪರದೆಯ ಹೊರಗೆ ಕೂತು ಹೆಸರು ಬರೆದುಕೊಳ್ಳುವ ಕೆಲಸಕ್ಕೆ, ಇಲಾಖೆ ಒಪ್ಪಿದರೆ, ನಾನು ಮತ್ತು ನನ್ನ ಜೊತೆ ನಿವೃತ್ತರಾದ ಇನ್ನಿಬ್ಬರು ಸಿಸ್ಟರುಗಳು ಬರುತ್ತೇವೆ.

ಇಂತಿ ತಮ್ಮ ಓದುಗಳು,
ನಿವೃತ್ತ ಹಿರಿಯ ಶುಶ್ರೂಷಕಿ
ಬ್ರಹ್ಮಪುರ, ಕಲಬುರಗಿ